ಹಬೆ ಬಾಗಿಲ ಕಡೆಗೆ

ನಮ್ಮ ಪೇಂಟರ್ ಸಾಹೇಬರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಕೆಂಪು ಬಣ್ಣ. ಸೀಮೆಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ರಂಜಾನ್ ಹಬ್ಬದ ದಿನ ಬಿಳಿ ಜುಬ್ಬಾ ತೊಟ್ಟು ಅತ್ತರು ಹಚ್ಚಿ ನಿಂತಾಗಲೂ ಆ ಉಗುರಿಗೆ ಮಾತ್ರ ರಜೆ ಇರಲಿಲ್ಲ. ಆ ಕೆಂಪು ನಮ್ಮ ಟೀಪುಡಿ ಕಂಪನಿಯದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಕಂಪನಿಯ ಪ್ರಚಾರದ ಕೆಲಸಕ್ಕೆಂದು ತುಮಕೂರಿಗೆ ಬಂದೆ. ಟೈ ಕಟ್ಟಿಕೊಂಡು ಬಂದವನಿಗೆ ವಾರದಲ್ಲೇ ಗೊತ್ತಾಯಿತು, ನನ್ನ ಕೆಲಸವೆಂದರೆ ಊರೂರು ಅಲೆದು ಜಾಹೀರಾತು ಬರೆಸಲು ಗೋಡೆ ಬೇಡುವುದು. ನಾನು ಕೇಳಿದರೆ ಹೆಬ್ಬೂರಿನ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಾಹೇಬರು ಕೇಳಿದರೆ ನೀರು, ಬೆಲ್ಲ ಬರುತ್ತಿತ್ತು. ಅವರದೊಂದು ಪದ್ಧತಿಯಿತ್ತು. ಗೋಡೆ ಕೊಟ್ಟ ಮನೆಯ ಜಗಲಿಗೂ ಪುಕ್ಕಟೆ ಸುಣ್ಣ ಹೊಡೆಯುತ್ತಿದ್ದರು. ಸುಣ್ಣ ಬಿತ್ತೆಂದರೆ ಮಾತು ಕೊಟ್ಟ ಹಾಗೆ. ಆ ಗೋಡೆಯ ಮೇಲೆ ಬರೆಯಲೇಬೇಕು.

ಕಂಪನಿ ಕಳಿಸಿದ ಚಿತ್ರದಲ್ಲಿ ಟೀ ಕಪ್ಪಿನ ಹಬೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಇವರು ಅದನ್ನು ಮನೆಬಾಗಿಲ ಕಡೆಗೆ ಬಾಗಿಸುತ್ತಿದ್ದರು. ನಾನು ತಕರಾರು ತೆಗೆದೆ.

“ನೋಡ್ದೋರ್ಗೆ ಈ ಮನೇಲಿ ಟೀ ಕುದೀತಾ ಐತೆ ಅನ್ನಿಸ್ಬೇಕು ಸಾರ್,” ಅಂದರು. “ಪುಡಿ ಆಮೇಲೆ ತಾನಾಗೇ ತಗೋತಾರೆ.”

ಈ ವೃತ್ತಿಯಲ್ಲಿ ನನಗೆ ಬಂದ ವಿದ್ಯೆ ಅಷ್ಟೇ. ಮಿಕ್ಕಿದ್ದೆಲ್ಲ ಮೀಟಿಂಗಿನ ಮಾತು.

ಎಂಬತ್ತರ ದಶಕದ ನಡುವೆ ಟೀವಿ ಬಂತು. ಇನ್ನು ಗೋಡೆಬರಹ ಬೇಡ ಎಂದು ಹೆಡ್ಡಾಫೀಸಿನಿಂದ ಪತ್ರ ಬಂತು. ಅದನ್ನು ಹತ್ತು ದಿನ ಬ್ಯಾಗಿನಲ್ಲೇ ಇಟ್ಟುಕೊಂಡೆ. ಹೇಳಲು ಬಾಯಿ ಬರಲಿಲ್ಲ, ಹೇಡಿತನ ಅಷ್ಟೇ. ಅವರು ದಿನಾ ಬೆಳಗ್ಗೆ “ಗುಬ್ಬಿಗೆ ಹೊಂಟಿದೀನಿ ಸಾರ್” ಅನ್ನುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಅಲ್ಲಿ ಆರು ಮನೆಗೆ ಸುಣ್ಣ ಹೊಡೆದು ಮುಗಿಸಿ ಕೆಂಪು ಬಣ್ಣದ ಡಬ್ಬ ಕೇಳಲು ಬಂದಾಗ ಪತ್ರ ತೆಗೆದು ತೋರಿಸಿದೆ.

ನೋಡಿ, ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು. “ಮೊದ್ಲೇ ಹೇಳ್ಬಾರ್ದಾಗಿತ್ತಾ ಸಾರ್? ಸುಣ್ಣ ಹೊಡ್ದ್ಬುಟ್ಟಿದೀನಲ್ಲ. ಆ ಮನೆಯೋರು ಕಾಯ್ತಾರೆ.”

ಕೆಲಸ ಹೋದ ಮಾತನ್ನು ಎತ್ತಲೇ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ನನಗೆ ಬೆಂಗಳೂರಿಗೆ ವರ್ಗವಾಯಿತು. ಎರಡು ವರ್ಷ ಕಳೆದು, ಅವರು ಉಬ್ಬಸದಿಂದ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಮರಳೂರಿನ ಅವರ ಮನೆಗೆ ಹೋದೆ. ಕಂಬಳಿಯ ಮೇಲಿದ್ದ ಕೈ ನೋಡಿದೆ. ಹೆಬ್ಬೆರಳಿನ ಉಗುರು ಬೆಳ್ಳಗಿತ್ತು. ನನಗೆ ಅಳು ಬಂತು.

“ಗುಬ್ಬಿ ಕಡೆ ಹೋದ್ರೆ ನೋಡಿ ಸಾರ್,” ಅಂದರು, ಉಸಿರು ಎಳೆದುಕೊಂಡು. “ಆರೂ ಮುಗಿಸಿದೀನಿ.”

ತಪ್ಪಾಯಿತು ಅನ್ನಬೇಕೆಂದು ಹೋಗಿದ್ದೆ. ಅವರ ಸೊಸೆ ತಂದಿಟ್ಟ ಟೀ ಕುಡಿದು ಎದ್ದು ಬಂದೆ. ಹದಿನೈದು ದಿನದಲ್ಲಿ ಅವರು ತೀರಿಕೊಂಡರು.

ಮುಂದಿನ ತಿಂಗಳು ಗುಬ್ಬಿಗೆ ಹೋದೆ. ಆರೂ ಗೋಡೆಗಳ ಮೇಲೆ ಕೆಂಪು ಬಣ್ಣದ ಟೀ ಕಪ್ಪು, ಬಾಗಿಲ ಕಡೆಗೆ ಬಾಗಿದ ಹಬೆ. ಕಂಪನಿಯ ಹೆಸರು ಎಲ್ಲೂ ಇರಲಿಲ್ಲ. ಬಣ್ಣ ಎಲ್ಲಿಂದ ತಂದರೋ, ನಾನು ಕೇಳಿರಲಿಲ್ಲ.

ಕೊನೆಯ ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ನಾನು ಗೋಡೆ ನೋಡುವುದನ್ನೇ ನೋಡುತ್ತಿದ್ದರು.

“ಸಾಬ್ರು ಬರ್ದಿದ್ದು ಕಣಪ್ಪ. ಹಬ್ಬಕ್ಕೂ ಅದರ ಮೇಲೆ ಸುಣ್ಣ ಹೊಡ್ಸಲ್ಲ ನಾವು. ನಿಂಗೆ ಗೊತ್ತಾ ಅವ್ರು? ಚೆನ್ನಾಗವ್ರಾ?”

ಈ ಸಲ ಹತ್ತು ದಿನ ತೆಗೆದುಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಅವರ ಪಕ್ಕ ಕೂತು ಹೇಳಿದೆ.