ಚಕ್ರದ ಹಲ್ಲಿಗೆ ಇಟ್ಟಿದ್ದ ಸುಣ್ಣ

ಮದುವೆಯಾಗಿ ಮದ್ದೂರು ಕಡೆಯ ಕೊಪ್ಪಕ್ಕೆ ಬಂದ ಹೊಸದರಲ್ಲಿ ಆ ಮನೆಯಲ್ಲಿ ನನ್ನ ಮೈ ಉರಿಸುತ್ತಿದ್ದದ್ದು ಅತ್ತೆಯ ಸುಣ್ಣದ ಬೆರಳು. ಎಲೆ ಅಡಿಕೆ ಹಾಕಿಕೊಂಡ ಮೇಲೆ ಬೆರಳಿಗೆ ಉಳಿದ ಸುಣ್ಣವನ್ನು ಕೈಗೆ ಸಿಕ್ಕಿದ್ದಕ್ಕೆ ಒರೆಸಿಬಿಡುತ್ತಿದ್ದರು. ಕಂಬ, ಬಾಗಿಲು, ಒಂದು ಸಲ ನನ್ನ ತವರಿನ ಟ್ರಂಕು. ಮಳವಳ್ಳಿಯ ನಮ್ಮ ಮನೆಯಲ್ಲಿ ಒಂದು ಕಲೆ ಕಂಡರೆ ಅವ್ವ ಊಟಕ್ಕೆ ಬಡಿಸುತ್ತಿರಲಿಲ್ಲ. ಇಲ್ಲಿ ಬಾಯಿ ಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಒದ್ದೆ ಬಟ್ಟೆ ಹಿಡಿದು ಅವರ ಹಿಂದೆಯೇ ಒರೆಸಿಕೊಂಡು ಹೋಗುತ್ತಿದ್ದೆ. ಅವರಿಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಉಜ್ಜುತ್ತಿದ್ದೆ.

ಮಾವನ ಹುಚ್ಚು ಬೇರೆ. ಕೊಟ್ಟಿಗೆಯಲ್ಲಿ ಹಸುಗಳಿಗಿಂತ ಒಳ್ಳೆಯ ಜಾಗ ಅವರ ಮೋಟಾರ್ ಸೈಕಲ್ಲಿನದು. ಮಿಲಿಟರಿಯವರು ಹರಾಜು ಹಾಕಿದ್ದ ವಿಲಾಯಿತಿ ಗಾಡಿ, ಎರಡೂ ಪಕ್ಕಕ್ಕೆ ಚರ್ಮದ ಚೀಲ. ವಯಸ್ಸಿನಲ್ಲಿ ಅದರ ಮೇಲೆ ಕನ್ಯಾಕುಮಾರಿಗೆ ಹೋಗಿಬಂದವರು. ಅರವತ್ತು ದಾಟಿದ ಮೇಲೂ ಕಬ್ಬು ಸಾಗಿಸಿ ಮುಗಿದರೆ ಸಾಕು, ಚೀಲಕ್ಕೆ ಎರಡು ಪಂಚೆ ತುರುಕಿಕೊಂಡು ವಾರಗಟ್ಟಲೆ ಮಾಯವಾಗುತ್ತಿದ್ದರು. ಕಡಿಮೆ ಮಾತಿನ ಮನುಷ್ಯ, ಆಡಿದರೆ ಕೊಡಲಿ ಏಟು. ಅವರು ಕೆಮ್ಮಿದರೂ ನಾನು ಅಡುಗೆಮನೆಯೊಳಗೆ ಎದ್ದು ನಿಲ್ಲುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಆ ವರ್ಷ ಗಾಡಿಯ ಟೈಮಿಂಗ್ ಚೈನು ಸವೆದು ಜೋಲು ಬಿದ್ದಿತ್ತು. ಇಂಜಿನ್ನಿನ ಪಕ್ಕದ ಮುಚ್ಚಳ ತೆಗೆದರೆ ಹಲ್ಲಿನ ಎರಡು ಚಕ್ರ, ಅವೆರಡನ್ನೂ ಸುತ್ತಿದ ಒಂದು ಸಣ್ಣ ಚೈನು. ಕಿಡಿ ಯಾವ ಗಳಿಗೆಗೆ ಹಾರಬೇಕು ಎಂಬುದೆಲ್ಲ ಆ ಚೈನಿನ ಕೈಯಲ್ಲಿ. ಮೊದಲು ಈ ಕೆಲಸ ಮಾಡಿಕೊಡುತ್ತಿದ್ದವರು ಮದ್ದೂರಿನ ಒಬ್ಬ ಮೇಸ್ತ್ರಿ. ಅವರು ಒಮ್ಮೆ ಯಾರದೋ ಗಾಡಿಗೆ ಒಂದೇ ಹಲ್ಲು ತಪ್ಪಿ ಜೋಡಿಸಿ ಕಿಕ್ಕರ್ ಒದ್ದಿದ್ದರು. ಕಿಡಿ ಮುಂಚೆಯೇ ಹಾರಿ, ಕಿಕ್ಕರ್ ವಾಪಸ್ ಹೊಡೆದು, ಕಾಲು ಎರಡು ಕಡೆ ಮುರಿದಿತ್ತು. ಅಂದಿನಿಂದ ಅವರು ಊರುಗೋಲಿನ ಮೇಲೆ. ಹಾಗಾಗಿ ಮಾವ ತಾವೇ ಹಳೆಯ ಚೈನು ಬಿಚ್ಚಿಟ್ಟುಕೊಂಡು, ಹೊಸ ಚೈನು ಬೆಂಗಳೂರಿನ ಬಸ್ಸಿಗೆ ಬರಲಿ ಎಂದು ಕಾದಿದ್ದರು. ಅದು ಬಂದದ್ದು ಆಯುಧಪೂಜೆಯ ದಿನ.

ಬೆಳಿಗ್ಗೆ ಮಾವ ಅದನ್ನು ತರಲು ಮದ್ದೂರಿಗೆ ಹೋದರು. ನನ್ನ ಗಂಡನಿಗೆ ಮಂಡ್ಯದಲ್ಲಿ ಪಾಳಿ ಕೆಲಸ, ಹಬ್ಬಕ್ಕೂ ಬಂದಿರಲಿಲ್ಲ. ನಾನು ಮಚ್ಚು, ಕುಡುಗೋಲು, ನೇಗಿಲು ತೊಳೆದು ಸಾಲಾಗಿ ಇಡುತ್ತಿದ್ದೆ.

"ಗಾಡೀನೂ ಒರ್ಸಿ ಕುಂಕ್ಮ ಇಕ್ಕಮ್ಮಿ, ನಿಮ್ಮಾವ ಬರಾದ್ರೊಳ್ಗೆ ಆಗೋಗ್ಲಿ" ಎಂದರು ಅತ್ತೆ.

ಮುಚ್ಚಳ ತೆರೆದೇ ಇತ್ತು. ನೋಡುತ್ತೇನೆ, ಮೇಲಿನ ಚಕ್ರದ ಒಂದು ಹಲ್ಲಿಗೂ ಕೆಳಗಿನದರ ಒಂದು ಹಲ್ಲಿಗೂ ಸುಣ್ಣ. ಇವರ ಬೆರಳು ಇಲ್ಲಿಗೂ ಬಂತಲ್ಲ ಎಂದು ರೇಗಿಹೋಯಿತು. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತೆಗೆದೆ. ಆಮೇಲೆ ಅರಿಶಿನ ಹಚ್ಚಿ, ಹಲ್ಲು ಹಲ್ಲಿಗೂ ಒಂದೊಂದು ಕುಂಕುಮದ ಬೊಟ್ಟು ಇಟ್ಟೆ. ಹಿಂದಿನ ಹಲ್ಲುಗಳು ಕೈಗೆ ಸಿಗದಿದ್ದಾಗ ಮೇಲಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿಕೊಂಡೆ. ಸಲೀಸಾಗಿ ತಿರುಗಿತು. ಮುಗಿಸಿ ದೂರ ನಿಂತು ನೋಡಿದರೆ, ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿ ಕಾಣುತ್ತಿತ್ತು.

ಮಾವ ಹನ್ನೊಂದಕ್ಕೆ ಬಂದು ಜಗಲಿಯ ಮೇಲೆ ಕೂತು ನೀರು ಕುಡಿದರು. ಅತ್ತೆ, ಇವತ್ತೇ ಆ ಕೆಲಸ ಆಗುತ್ತದಾ ಎಂದು ಕೇಳಿದರು.

"ಏನ್ ಮಹಾ ಕೆಲ್ಸ ಅದು. ಎಲ್ಡು ಚಕ್ರದ ಅಲ್ಗೂವೆ ಸುಣ್ಣದ ಗುರ್ತು ಮಡಗಿವ್ನಿ. ಗುರ್ತಿಗೆ ಗುರ್ತು ಕೂರ್ಸಿ ಚೈನ್ ಆಕಿದ್ರೆ ಮುಗೀತು. ಅದಿಲ್ದೆ ಓಗಿದ್ರೆ ಮೇಸ್ತ್ರಿ ಗತಿಯೇ ನಂಗೂವೆ."

ನನ್ನ ಕೈಯಲ್ಲಿ ಪಾಯಸದ ಸೌಟು ಇತ್ತು. ಅದನ್ನು ಎಲ್ಲಿಟ್ಟೆನೋ ತಿಳಿಯದು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮಾವ ಕಾಲು ತೊಳೆಯಲು ಹಿತ್ತಲಿಗೆ ಹೋದ ಹೊತ್ತಿಗೆ ನಾನು ಮಾಡಿದ ಕೆಲಸ ಇದು: ಅತ್ತೆಯ ಎಲೆ ಚೀಲದಿಂದ ಒಂದು ಚಿಟಿಕೆ ಸುಣ್ಣ ತೆಗೆದುಕೊಂಡು ಕೊಟ್ಟಿಗೆಗೆ ಓಡಿ, ಅಂದಾಜಿಗೆ ಎರಡು ಹಲ್ಲಿಗೆ ಹಚ್ಚಿಬಿಟ್ಟೆ. ಇದಿರಬೇಕು, ಅಲ್ಲ ಇದರ ಪಕ್ಕದ್ದಿರಬೇಕು ಎಂದು ಅಳಿಸಿ ಇನ್ನೊಂದಕ್ಕೆ ಹಚ್ಚಿದೆ.

ಪೂಜೆಯಾಯಿತು. ಊಟವಾಯಿತು. ಮಾವ ಕನ್ನಡಕ ಹಾಕಿಕೊಂಡು ಗಾಡಿಯ ಮುಂದೆ ಕೂತರು. ನಾನು ಇಟ್ಟಿದ್ದ ಗುರುತನ್ನೇ ನೋಡಿ ಚಕ್ರ ಕೂರಿಸಿ, ಚೈನು ಹಾಕಿ, ನಟ್ಟು ಬಿಗಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಈಗ ಹೇಳುತ್ತೇನೆ, ಈ ನಟ್ಟು ಆಗಲಿ ಹೇಳುತ್ತೇನೆ, ಮುಚ್ಚಳ ಹಾಕಲಿ ಹೇಳುತ್ತೇನೆ. ನನ್ನ ಅಂದಾಜೇ ಸರಿಯಿದ್ದರೆ ಸುಮ್ಮನೆ ಬೈಸಿಕೊಂಡ ಹಾಗಾಗುತ್ತದಲ್ಲ ಎಂದೂ ಅನ್ನಿಸುತ್ತಿತ್ತು.

ಅತ್ತೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮಾವ ಪಂಚೆ ಮೇಲೆ ಕಟ್ಟಿಕೊಂಡು ಗಾಡಿ ಹತ್ತಿದರು. ಒಣಗಿದ ಕಾಲು, ಮೊಣಕಾಲ ಕೆಳಗೆ ಮೂಳೆ ಎದ್ದು ಕಾಣುತ್ತಿತ್ತು. ಆ ಕಾಲನ್ನು ಕಿಕ್ಕರ್ ಮೇಲಿಟ್ಟು ಮೈಭಾರವನ್ನೆಲ್ಲ ಮೇಲಕ್ಕೆ ಎತ್ತಿದರು.

"ಮಾವ, ಒದೀಬ್ಯಾಡಿ."

ಅದು ನನ್ನದೇ ಗಂಟಲು ಎಂದು ನನಗೂ ತಡವಾಗಿ ಗೊತ್ತಾಯಿತು. ಅವರು ಹಾಗೇ ನಿಂತರು. ಅಂಗಳಕ್ಕೆ ಬಂದು ತಲೆ ತಗ್ಗಿಸಿ ಎಲ್ಲ ಹೇಳಿದೆ. ಒರೆಸಿದ್ದು, ತಿರುಗಿಸಿದ್ದು, ಮತ್ತೆ ಸುಣ್ಣ ಹಚ್ಚಿದ್ದು. ಅತ್ತೆ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದರು.

ಮಾವ ಮೆಲ್ಲಗೆ ಇಳಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ.

"ಇಷ್ಟೊತ್ಗಂಟ ಯಾಕವ್ವ ಯೋಳ್ನಿಲ್ಲ?"

"ಬೈತೀರ ಅಂತ."

ಅವರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. "ನನ್ ಕಾಲ್ ಮುರ್ಯಾದ್ಕಿಂತ ನನ್ ಬಾಯ್ಗೇ ಎದ್ರುಕೊಂಡಿದ್ಯಾ?"

ನಿಜವೇ ಆಗಿತ್ತು. ಒಂದು ಗಂಟೆ ಹೊತ್ತು ಬಾಗಿಲ ಸಂದಿಯಲ್ಲಿ ನಿಂತು ನಾನು ತೂಗಿ ನೋಡಿದ್ದು ಅದನ್ನೇ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಅದನ್ನು ನೋಡಿ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಗುರುತಿಲ್ಲದೆ ಜೋಡಿಸಲು ಇಬ್ಬರು ಬೇಕು. ಮಾವ ಮತ್ತೆ ಮುಚ್ಚಳ, ಚೈನು ಬಿಚ್ಚಿ, ಪ್ಲಗ್ಗು ತೆಗೆದು, ಆ ತೂತಿಗೆ ಗೀಟು ಕೊರೆದ ಒಂದು ಸೈಕಲ್ ಕಡ್ಡಿ ಇಳಿಬಿಟ್ಟು ನನ್ನನ್ನು ಕರೆದರು. ಅವರು ಹಿಂದಿನ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಒಳಗಿನ ಪಿಸ್ಟನ್ ತಳ್ಳಿ ಕಡ್ಡಿ ಗೀಟಿನವರೆಗೆ ಎದ್ದ ಕೂಡಲೇ ನಾನು "ಹೂಂ" ಅನ್ನುವುದು. ಆಮೇಲೆ ಕಿಡಿ ಹುಟ್ಟುವ ಜಾಗದಲ್ಲಿ ಸಿಕ್ಕಿಸಿದ್ದ ಸಿಗರೇಟ್ ಪ್ಯಾಕಿನ ತೆಳು ಕಾಗದವನ್ನು ಎಳೆದು ಹಿಡಿದು, ಅವರು ಮೇಲಿನ ಚಕ್ರ ತಿರುಗಿಸಿದಂತೆ ಅದು ಸಡಿಲಾದ ಗಳಿಗೆಯನ್ನು, ಎಂದರೆ ಕಿಡಿ ಹಾರುವ ಗಳಿಗೆಯನ್ನು, ಹೇಳುವುದು. ಅವರ ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ನನ್ನ ಮಾತೇ ಲೆಕ್ಕ. ಮೂರು ಸಲ ಮಾಡಿಸಿದೆ. ನಾಲ್ಕನೆಯ ಸಲಕ್ಕೆ ಅವರೇ ಸಾಕು ಬುಡವ್ವ ಎಂದರು.

ಮತ್ತೆ ಪಂಚೆ ಕಟ್ಟಿ ಹತ್ತಿದರು. ಕಿಕ್ಕರ್ ಮೇಲೆ ಕಾಲಿಟ್ಟು ನನ್ನ ಕಡೆ ತಿರುಗಿದರು.

"ಒದೀಲಾ?"

ಆ ಮನೆಯಲ್ಲಿ ಅಲ್ಲಿಯವರೆಗೆ ಸಾರಿಗೆ ಉಪ್ಪು ಎಷ್ಟು ಎಂದೂ ನನ್ನನ್ನು ಯಾರೂ ಕೇಳಿರಲಿಲ್ಲ. ಕಡ್ಡಿಯ ಗೀಟು, ಕಾಗದ, ನಟ್ಟು, ಎಲ್ಲವನ್ನೂ ಮನಸ್ಸಿನಲ್ಲಿ ಮತ್ತೊಮ್ಮೆ ನೋಡಿಕೊಂಡೆ. ಅವರು ಕಾದರು.

"ಒದೀರಿ ಮಾವ."

ಕಣ್ಣು ಮುಚ್ಚಿಕೊಂಡೆ. ಮೊದಲ ಒದೆತಕ್ಕೆ ಬರಲಿಲ್ಲ. ಎರಡನೆಯದಕ್ಕೆ ಅಂಗಳ ನಡುಗಿತು, ಕೋಳಿಗಳು ದಿಕ್ಕಾಪಾಲಾದವು. ನಿಂಬೆಹಣ್ಣು ಜಜ್ಜಿಕೊಂಡು ಗಾಡಿ ನಾಲೆಯ ಕಡೆ ಹೋಯಿತು. ವಾಪಸ್ ಬಂದು ಅವರು ಇಳಿದು ನಡೆದು ಬರುವವರೆಗೂ ನಾನು ಅಲ್ಲೇ ನಿಂತಿದ್ದೆ, ಅವರ ಕಾಲನ್ನೇ ನೋಡುತ್ತಾ.

ಅವರಿಗೆ ಅದು ಗೊತ್ತಾಯಿತು. ಪಂಚೆಯನ್ನು ಇನ್ನೊಂದು ಚೂರು ಮೇಲೆತ್ತಿ, "ನೆಟ್ಗದೆ ಕಣವ್ವ, ನೋಡ್ಕೊ" ಎಂದರು.

ಮಳವಳ್ಳಿ ಬಿಟ್ಟು ಬಂದ ಮೇಲೆ ಆ ಮನೆಯಲ್ಲಿ ನಾನು ಎಲ್ಲರ ಮುಂದೆ ಅತ್ತದ್ದು ಅದೇ ಮೊದಲು.