ಸೇತುವೆ ದಾಟದ ಕಾರ್ಡು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಸಾರುವೆ ಮೇಸ್ತ್ರಿ. ಕಬ್ಬಿಣದ ಕೊಳವೆ ಜೋಡಿಸಿ ಆಳುಗಳು ಎತ್ತರದಲ್ಲಿ ನಿಂತು ಕೆಲಸ ಮಾಡುವಂತೆ ಕಟ್ಟಿಕೊಡುವುದು ಅವರ ಕಸುಬು. ನಾನೋ ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ಕೆಳಗೆ ಇಬ್ಬರು ಹಿಡಿದುಕೊಳ್ಳಬೇಕು. ಎತ್ತರದಲ್ಲಿ ಕೆಲಸ ಮಾಡಲು ಸರ್ಕಾರ ಕೊಟ್ಟ ಸುರಕ್ಷತಾ ಕಾರ್ಡು ಜೇಬಿನಲ್ಲಿದ್ದರೆ ಭಾವನ ಎದೆ ಒಂದು ಗೇಣು ಮುಂದೆ.

ನದಿಯಾಚೆಯ ಹಡಗು ಕಾರ್ಖಾನೆಯಲ್ಲಿ ದೊಡ್ಡ ಮೇಸ್ತ್ರಿಯ ಕೆಲಸ ಖಾಲಿಯಿತ್ತು. ಸೇತುವೆ ದಾಟಿದರೆ ಬೇರೆ ಪ್ರಾಂತ್ಯ, ಬೇರೆ ಸರ್ಕಾರ. ಸ್ಕೂಟರಿನಲ್ಲಿ ಕರೆದೊಯ್ದವನು ನಾನೇ. ಗೇಟಿನ ಹೆಂಗಸು ಕಾರ್ಡನ್ನು ತಿರುಗಿಸಿ ನೋಡಿದಳು.

"ಇದು ಈ ಕಡೆ ನಡೆಯಲ್ಲ ಯಜಮಾನ್ರೇ. ಹೊಸಬರ ಕ್ಲಾಸಲ್ಲಿ ಕೂತು ಪಾಸಾಗಿ ಬನ್ನಿ."

"ಸೇತುವೆ ದಾಟಿದ ತಕ್ಷಣ ಹತ್ತೋದು ಮರೆತುಹೋಗುತ್ತಾ?"

"ಮರೆಯಲ್ಲ. ರೂಲ್ಸು ಬೇರೆ."

ಮನೆಯಲ್ಲಿ ಭಾವ ಹೇಳಿದ್ದೇ ಬೇರೆ: "ಪಾಠ ಹೇಳೋಕೆ ಕರೆದಿದ್ದಾರೆ." ಅಕ್ಕ ಅದನ್ನು ಬೀದಿಗೆಲ್ಲ ಹಂಚಿದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಕ್ಲಾಸಿಗೂ ನಾನೇ ಕರೆದೊಯ್ದು, ಒಳಗೇ ಕಿಟಕಿಯ ಬಳಿ ಕಾಯುತ್ತ ಕೂತೆ. ಮೀಸೆ ಚಿಗುರುತ್ತಿದ್ದವರ ನಡುವೆ ಭಾವನ ನರೆತ ತಲೆ. ಅದೇ ಹಿಂದಿನ ಬೆಂಚಿನ ತುದಿಯಲ್ಲಿ ಅವರ ಸ್ವಂತ ಅಳಿಯ, ಮಗಳ ಗಂಡ! ಅದೇ ಕಾರ್ಖಾನೆಯ ಕೆಲಸಗಾರ, ಕಾರ್ಡು ನವೀಕರಿಸಲು ಬಂದಿದ್ದ.

"ಮಾವ, ಪಾಠ ಹೇಳೋರು ಮುಂದೆ ನಿಲ್ತಾರೆ," ಎಂದ ಮೆಲ್ಲಗೆ.

"ಹಿಂದಿನಿಂದ ಹೇಗೆ ಕೇಳಿಸುತ್ತೆ ಅಂತ ನೋಡ್ತಿದೀನಿ," ಎಂದರು ಭಾವ.

ನಮ್ಮ ಕಡೆಯ ರೂಢಿಯಲ್ಲಿ ಮೇಲೆ ಹೋಗಿ ನಿಂತ ನಂತರ, ಬೀಳದಂತೆ ಸೊಂಟದ ಪಟ್ಟಿಯ ಕೊಕ್ಕೆಯನ್ನು ಕೊಳವೆಗೆ ಸಿಕ್ಕಿಸುತ್ತಾರೆ. ಆ ಕಡೆ, ಕಾಲು ನೆಲ ಬಿಡುವ ಮೊದಲೇ, ಮೇಲಿಂದ ಇಳಿಬಿಟ್ಟ ಹಗ್ಗಕ್ಕೆ ಸಿಕ್ಕಿಸಬೇಕು. ತರಬೇತುದಾರ ಅದನ್ನು ವಿವರಿಸುವಾಗ ಭಾವ ಪಕ್ಕದವನಿಗೆ ತಮ್ಮ ಹಳೆಯ ಪ್ರತಾಪ ಕೊರೆಯುತ್ತಿದ್ದರು. ಪರೀಕ್ಷೆಯಲ್ಲಿ ಸರಸರನೆ ತುದಿಗೇರಿ, ಕೊಕ್ಕೆ ಸಿಕ್ಕಿಸಿ, ಕೈ ಬೀಸಿದರು.

"ಇಳೀರಿ. ಫೇಲು," ಎಂದ ತರಬೇತುದಾರ.

ಇಳಿಯಲು ಬಹಳ ಹೊತ್ತು ತೆಗೆದುಕೊಂಡರು. ನಾನು ಕಿಟಕಿಯಾಚೆ ಏನೋ ಇದೆಯೆಂಬಂತೆ ಅತ್ತಲೇ ನೋಡುತ್ತಿದ್ದೆ.

ಸಂಜೆ ಮಗಳು, ಅಳಿಯ ಊಟಕ್ಕೆ ಬಂದರು. "ಪಾಠ ಹೇಗಿತ್ತು?" ಎಂದಳು ಅಕ್ಕ, ಬಡಿಸುತ್ತ. ನಾನು ತಟ್ಟೆಯಲ್ಲಿ ಮುಖ ಹುದುಗಿಸಿದೆ.

"ಹೇಗೆ ಹತ್ತಬಾರದು ಅಂತ ಮಾವ ಚೆನ್ನಾಗಿ ತೋರಿಸಿದ್ರು ಅತ್ತೆ," ಎಂದ ಅಳಿಯ. ಪಾಪ, ಕಾಪಾಡಲೆಂದೇ ಹೇಳಿದ್ದು.

ಭಾವನ ಕಿವಿ ಕೆಂಪಾದವು. "ತೋರಿಸಲಿಲ್ಲ. ಹಾಗೇ ಹತ್ತಿ ಫೇಲಾದೆ. ಪಾಠ ಹೇಳೋಕೆ ಯಾರೂ ಕರೆದಿರಲಿಲ್ಲ."

ಅಕ್ಕನ ಸೌಟು ಗಾಳಿಯಲ್ಲೇ ನಿಂತಿತು. "ಬೀದಿಗೆಲ್ಲ ಹೇಳಿಬಿಟ್ಟಿದೀನಲ್ರೀ."

"ನೀನು ಹೇಳೋದು ಕೇಳ್ತಾ ಕೇಳ್ತಾ ನನಗೂ ನಿಜ ಅನ್ನಿಸಿತ್ತು."

ಭಾವ ಅನ್ನ ಕಲಸುತ್ತ, ತಲೆ ಎತ್ತದೆಯೇ, "ಅಳಿಯಂದ್ರೇ, ಮುಂದಿನ ವಾರ ಮತ್ತೆ ಹತ್ತಿಸ್ತಾರಂತೆ. ಊಟ ಆದ್ಮೇಲೆ ಆ ಕೊಕ್ಕೆ ಹಾಕೋದು ಸ್ವಲ್ಪ ಹೇಳಿಕೊಡಿ," ಎಂದರು.