ಜಿಂಕೆಗಳು ಹತ್ತಿರ ಬರುತ್ತಿದ್ದ ಕಣಿವೆ

ಆರ್ಲಿಸ್ ನ್ಯೂಗಾರ್ಡ್ ಕೊಲ್ಲುವ ಕೆಲಸದಲ್ಲೇ ಅರ್ಧ ಆಯುಷ್ಯ ಕಳೆದವಳು. ಹಾಗೆಂದು ನೇರವಾಗಿ ಹೇಳಿದರೆ ಚರ್ಚಿನ ಕಾಫಿ ಮೇಜಿನಲ್ಲಿ ಕೂತವರ ಮುಖ ಸಣ್ಣದಾಗುತ್ತದೆ. ಅದಕ್ಕೇ ಯಾರು ಕೇಳಿದರೂ "ಪ್ಲಾಂಟಲ್ಲಿದ್ದೀನಿ" ಎಂದಷ್ಟೇ ಹೇಳುತ್ತಿದ್ದಳು. ಪಶ್ಚಿಮ ಮಿನ್ನೆಸೋಟದ ಆ ಊರಿನಲ್ಲಿ ಪ್ಲಾಂಟ್ ಎಂದರೆ ಟರ್ಕಿ ಕೋಳಿಯ ಕಾರ್ಖಾನೆ, ಬೇರೆ ಯಾವುದೂ ಅಲ್ಲ. ಗಾಳಿ ಈಚೆಗೆ ಬೀಸಿದ ದಿನ ನಾತಕ್ಕೆ ಕಿಟಕಿ ಮುಚ್ಚಬೇಕು. ಆಚೆಗೆ ಬೀಸಿದರೆ ಆಚೆ ಬೀದಿಯವರು ಮುಚ್ಚುತ್ತಾರೆ.

ಕೊಲ್ಲುವುದು ಬಹುಪಾಲು ಯಂತ್ರವೇ. ಹಕ್ಕಿಗಳು ತಲೆಕೆಳಗಾಗಿ ಕೊಂಡಿಗೆ ನೇತುಬಿದ್ದು ಸಾಲಾಗಿ ಬರುತ್ತವೆ, ತಿರುಗುವ ಬ್ಲೇಡು ಕತ್ತು ಕೊಯ್ಯುತ್ತದೆ. ಆದರೆ ಕೆಲವು ಹಕ್ಕಿಗಳು ಸರಿಯಾಗಿ ಅದೇ ಗಳಿಗೆಗೆ ತಲೆ ಎತ್ತಿ ತಪ್ಪಿಸಿಕೊಳ್ಳುತ್ತವೆ. ಅವುಗಳಿಗಾಗಿ ಬ್ಲೇಡಿನ ಆಚೆ ಒಬ್ಬರು ಚಾಕು ಹಿಡಿದು ನಿಂತಿರಬೇಕು. ಅಲ್ಲಿ ನಿಲ್ಲುವವಳು ಆರ್ಲಿಸ್. ಬದುಕುವ ಹಟ ಇದ್ದ ಹಕ್ಕಿಗಳೆಲ್ಲ ಆರಿಸಿ ಆರಿಸಿ ಅವಳ ಪಾಲಿಗೇ ಬರುತ್ತಿದ್ದವು.

ಪಾಪ, ಪುಣ್ಯ ಎಂದು ಅವಳೇನೂ ಕೊರಗಿದವಳಲ್ಲ. ಹೊಟ್ಟೆಪಾಡು, ಯಾರಾದರೂ ಮಾಡಲೇಬೇಕು. ಮೊದಮೊದಲು ಏನೋ ಅನ್ನಿಸುತ್ತಿತ್ತಂತೆ, ಆಮೇಲೆ ಅನ್ನಿಸುವುದು ನಿಂತಿತು. ಮನಸ್ಸಿನ ಹಿಂದೆಯೇ ಕೈಯೂ ಹೊರಟಿತು. ತಣ್ಣನೆಯ ಆ ಕೋಣೆಯಲ್ಲಿ ಒಂದೇ ತಿರುವನ್ನು ವರ್ಷಗಟ್ಟಲೆ ತಿರುಗಿಸಿ ಎರಡೂ ಮಣಿಕಟ್ಟಿನ ನರ ಸೋತವು, ಬೆರಳ ತುದಿಗಳು ಜೋಮು ಹಿಡಿದವು. ಹಿಡಿದ ಜೋಮು ಬಿಡಲೇ ಇಲ್ಲ.

ಪಕ್ಕದಲ್ಲಿ ನಿಲ್ಲುತ್ತಿದ್ದ ಹೊದಾನ್, ನಾಲ್ಕು ಮಕ್ಕಳ ತಾಯಿ, ಸೊಮಾಲಿಯದವಳು, ಒಂದು ದಿನ ಕೂಗಿಕೊಂಡಳು.

"ಆರ್ಲಿಸ್, ರಕ್ತ!"

"ಇರುತ್ತೆ ಬಿಡು. ಇಲ್ಲಿ ಇನ್ನೇನು ಹಾಲು ಇರುತ್ತಾ?"

"ನಿಂದು ಕಣೇ ಮಾರಾಯ್ತಿ! ಕೋಳೀದಲ್ಲ, ನಿಂದು!"

ನೋಡಿದರೆ ಗ್ಲೌಸು ಹರಿದು, ಹೆಬ್ಬೆರಳಿನ ಬುಡ ಬಾಯಿ ಬಿಟ್ಟಿತ್ತು. ಕಣ್ಣಿಗೆ ಕಂಡ ಮೇಲೂ ನೋಯಲಿಲ್ಲ. ಆಮೇಲೆ ಡಾಕ್ಟರು ಬಲಗೈಗೆ ಆಪರೇಷನ್ ಮಾಡಿದರು. ಮನೆಯಲ್ಲಿ ಕೂತು ಬೆರಳು ಆಡಿಸುತ್ತಿರಮ್ಮ, ಹೊಲಿಗೆಯೋ ಹೆಣಿಗೆಯೋ ಏನಾದರೂ ಮಾಡಿ ಎಂದರು. ಸೂಜಿ ಕೈಗೆ ಸಿಕ್ಕಿದ್ದೇ ಗೊತ್ತಾಗದವಳು ಹೆಣೆಯುವುದು ಏನನ್ನು?

ಗಂಡ ಡೆಲ್ಮರ್ ಮನೆಮನೆಗೆ ಗ್ಯಾಸ್ ತುಂಬುವ ಲಾರಿ ಓಡಿಸುತ್ತಿದ್ದ. ಬಾಯಿ ಜಾಸ್ತಿ, ಮನಸ್ಸು ಹೂವು. ಅವನೇ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ, ಗುಂಡಿಗಳಿರುವ ಹಿಡಿಯನ್ನು ಅವಳ ಮಡಿಲಿಗೆ ಹಾಕಿದ. "ತಗೋ, ಗುಂಡಿ ಒತ್ತು. ಬೆರಳಿಗೆ ಕಸರತ್ತು."

ಆಟದ ಹೆಸರು ಹ್ಯಾರೋವೆಲ್. ಆಗಲೇ ಹಳೆಯದು. ಒಂದು ದೊಡ್ಡ ನಾಡು, ಕಾಡು, ಕೋಟೆ, ಮಂತ್ರವಾದಿಗಳು, ಕೊನೆಯಲ್ಲಿ ಬೆಟ್ಟದ ಮೇಲೆ ಬೆಂಕಿಯುಗುಳುವ ಅರಸ. ಎಲ್ಲಿ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು, ಇಂಥದ್ದೇ ಮಾಡೆಂದು ಯಾರೂ ಹೇಳುವುದಿಲ್ಲ. ಡೆಲ್ಮರ್ ಅದನ್ನು ಒಂದೇ ಚಳಿಗಾಲದಲ್ಲಿ ಮುಗಿಸಿದ್ದ. ಕಂಡದ್ದನ್ನೆಲ್ಲ ಕೊಚ್ಚಿ, ಅರಸನ ತಲೆ ತೆಗೆದು, ಈಸ್ಟರ್ ಹಬ್ಬಕ್ಕೆ ಮುಂಚೆ ಬೇರೆ ಆಟ ತಂದಿದ್ದ. ಗಂಡಸರಿಗೆ ಮುಗಿಸಿದರೇನೇ ಸಮಾಧಾನ.

ಆರ್ಲಿಸ್ ತನ್ನ ಆಟಗಾರ್ತಿಗೆ ಇಂಗಾ ಎಂದು ಹೆಸರಿಟ್ಟಳು. ಕಣಿವೆಗೆ ಕಾಲಿಟ್ಟ ಕೂಡಲೇ ಪೊದೆಯಿಂದ ತೋಳ ಹಾರಿತು.

"ಹೊಡಿ, ಹೊಡಿ! ಬಲಗಡೆ ಗುಂಡಿ ಕಣೇ!" ಡೆಲ್ಮರ್ ಕುಣಿದಾಡಿದ.

ಗುಂಡಿ ಎಲ್ಲಿದೆ ಎಂದು ಬೆರಳಿಗೆ ತಿಳಿಯಲಿಲ್ಲ. ಇಂಗಾ ತಿರುಗಿ ಓಡಿ ಹೊಳೆಗೆ ಹಾರಿಕೊಂಡಳು. ತೋಳ ದಡದಲ್ಲೇ ನಿಂತು ವಾಪಸಾಯಿತು.

"ಓಡಿಹೋದ್ರೂ ನಡೆಯುತ್ತಾ?" ಎಂದು ಆರ್ಲಿಸ್ ಕೇಳಿದಳು.

"ನಡೆಯುತ್ತೆ. ಆದ್ರೆ ಹಾಗೆ ಯಾರು ಆಡ್ತಾರೆ?"

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಇಂಗಾ ಯಾರನ್ನೂ ಹೊಡೆಯಲಿಲ್ಲ. ಅದು ವ್ರತವೂ ಅಲ್ಲ, ತತ್ವವೂ ಅಲ್ಲ. ಮನೆಯ ಫ್ರೀಜರಿನಲ್ಲಿ ವರ್ಷಪೂರ್ತಿ ಜಿಂಕೆ ಮಾಂಸವಿರುತ್ತಿತ್ತು, ಆರ್ಲಿಸ್ ಎರಡೆರಡು ಸಲ ಬಡಿಸಿಕೊಳ್ಳುವವಳೇ. ಮೊದಲು ಕೈಲಾಗದೆ ಕೊಲ್ಲಲಿಲ್ಲ, ಆಮೇಲೆ ಕೊಂದಿಲ್ಲವಲ್ಲ ಎಂದು ಕೊಲ್ಲಲಿಲ್ಲ. ಬೆಳಗಿನ ಜಾವದ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದು, ಸ್ನಾನ ಮಾಡಿ, ಕಾಫಿ ಇಟ್ಟುಕೊಂಡು ಕಣಿವೆಗೆ ಹೋಗುವಳು. ಬೇರು ನಾರು ಕಿತ್ತು ವೈದ್ಯನಿಗೆ ಮಾರಿದಳು. ಹೊಳೆದಂಡೆಯಲ್ಲಿ ಗುಡಿಸಲು ಕೊಂಡು ಸೂರು ಕಟ್ಟಿಸಿದಳು. ಕಳ್ಳರು ಕಂಡರೆ ಬಗ್ಗಿ ನಡೆದು ಜಾರಿಕೊಂಡಳು. ಕೈಯಲ್ಲಿ ಒಂದು ದೊಣ್ಣೆ ಸಹ ಇರಲಿಲ್ಲ. ಅರಸ ಬೆಟ್ಟದ ಮೇಲೆ ವರ್ಷಗಟ್ಟಲೆ ಕಾದು ಕೂತೇ ಇದ್ದ. ಕೂತಿರಲಿ, ಅವನಿಗೇನು ಬೇರೆ ಕೆಲಸವಿತ್ತೇ?

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಇಂಗಾ ಉತ್ತರದ ಸರೋವರದ ದಡದಲ್ಲಿ ಕೂತಿದ್ದಾಗ ಮರಗಳ ನಡುವಿನಿಂದ ಜಿಂಕೆಗಳು ಬಂದವು. ಡೆಲ್ಮರ್ ಆಡುವಾಗ ಜಿಂಕೆ ಎಂದರೆ ದೂರದಲ್ಲಿ ಓಡುವ ಬಾಲ, ಅಷ್ಟೇ. ಇವು ಹತ್ತಿರ ಬಂದವು. ಒಂದು ಹೆಣ್ಣು ಜಿಂಕೆ ಮೂತಿ ಚಾಚಿ ಇಂಗಾಳ ಅಂಗೈಗೆ ಇಟ್ಟಿತು. ಆಗ ಆರ್ಲಿಸಳ ಕೈಯೊಳಗಿನ ಹಿಡಿ ನಡುಗಿತು, ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಡುವ ಹಾಗೆ, ಮೆಲ್ಲಗೆ.

ಅದು ಅವಳಿಗೆ ಗೊತ್ತಾಯಿತು. ಬೆರಳ ತುದಿಗೇ ಗೊತ್ತಾಯಿತು. ಸೂಜಿ ಚುಚ್ಚಿದರೂ, ಕುದಿಯುವ ಪಾತ್ರೆ ಮುಟ್ಟಿದರೂ ಸುಮ್ಮನಿದ್ದ ಬೆರಳುಗಳು ಅದನ್ನು ಒಂದೊಂದಾಗಿ ಗುರುತಿಸಿದವು. ಆರ್ಲಿಸ್ ಅಲುಗಾಡದೆ ಕೂತಳು. ಎಷ್ಟು ಸಂತೋಷವಾಯಿತೆಂದರೆ ಕಾಫಿ ಆರಿಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಈ ಆಟ ಆಡುವವರು ಸೇರಿ ಹರಟುವ ಕಟ್ಟೆಯೊಂದು ಇಂಟರ್ನೆಟ್ಟಿನಲ್ಲಿದೆ. ಜಿಂಕೆ ಬಂದದ್ದು, ಹಿಡಿ ನಡುಗಿದ್ದು ಎಂದು ಅಲ್ಲಿ ಆರ್ಲಿಸ್ ನಾಲ್ಕು ಸಾಲು ಬರೆದಳು. "ಅಜ್ಜಿ, ಅದು ಬ್ಯಾಟರಿ ಹೋಗ್ತಿರೋದು" ಎಂದು ಒಬ್ಬ. "ಜಿಂಕೆ ನಿಮ್ಮನ್ನ ಹುಲ್ಲು ಅಂದ್ಕೊಂಡಿರ್ಬೇಕು" ಎಂದು ಇನ್ನೊಬ್ಬ. ಕೊನೆಗೆ ಯಾರೋ ಕೆಲಸವಿಲ್ಲದವನು ಆಟದ ಪ್ರೋಗ್ರಾಮಿನ ಹೊಟ್ಟೆ ಬಗೆದು ನೋಡಿ, ಹೌದಪ್ಪ, ವರ್ಷಗಟ್ಟಲೆ ಆಡಿಯೂ ಒಂದು ಜೀವವನ್ನೂ ಕೊಲ್ಲದವರ ಹತ್ತಿರ ಜಿಂಕೆ ಬರುವ ಹಾಗೆ ಮಾಡಿಟ್ಟಿದ್ದಾರೆ, ಒಂದು ಮೀನು ಕೊಂದರೂ ಆಯಿತು, ಆಮೇಲೆ ಎಂದೆಂದಿಗೂ ಬರುವುದಿಲ್ಲ ಎಂದ. ಇಷ್ಟು ವರ್ಷ ಅದು ಯಾರಿಗೂ ಗೊತ್ತಾಗಿರಲಿಲ್ಲ, ಹಾಗೆ ಆಡಿದವರೇ ಇರಲಿಲ್ಲ. ಹಲವರು ಹೊಸದಾಗಿ ಶುರು ಮಾಡಿದರು. ವಾರದೊಳಗೆ ಒಬ್ಬೊಬ್ಬರೂ ಏನನ್ನೋ ಕೊಂದು ಕೈಚೆಲ್ಲಿದರು.

ಆರ್ಲಿಸ್ ಮಾತ್ರ ಒಂದನ್ನೂ ಕೊಲ್ಲದೆ ಹನ್ನೊಂದು ವರ್ಷ ಉಳಿಸಿಕೊಂಡಳು. ಅದರ ನಡುವೆ ಎಡಗೈಗೂ ಆಪರೇಷನ್ ಆಯಿತು, ಗುಣ ಕಾಣಲಿಲ್ಲ. ಬೇರೆಯವರು ಆಟವನ್ನು ಇಲ್ಲೊಂದು ಕಡೆ ಅಲ್ಲೊಂದು ಕಡೆ ಉಳಿಸಿಡುತ್ತಾರೆ, ಎಡವಟ್ಟಾದರೆ ಹಿಂದಕ್ಕೆ ಹೋಗಿ ಅಲ್ಲಿಂದ ಆಡಲು. ಇವಳದು ಒಂದೇ. ಪ್ರತಿಸಲ ಹಳೆಯದರ ಮೇಲೇ ಹೊಸದು. "ಇನ್ನೊಂದು ಇಟ್ಕೊಳ್ಳೇ" ಎಂದು ಡೆಲ್ಮರ್ ಹೇಳಿದರೆ, "ನನಗೇನು ಎರಡು ಇಂಗಾ ಇದ್ದಾರಾ?" ಎನ್ನುವಳು. ಜಿಂಕೆ ಹತ್ತಿರ ಬರುವ ವಿಷಯ, ಅದು ಬೆರಳಿಗೆ ಗೊತ್ತಾಗುವ ವಿಷಯ ಮಾತ್ರ ಅವನಿಗೂ ಹೇಳಿರಲಿಲ್ಲ. ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆಂದು ಸುಮ್ಮನಿದ್ದಳು.

ಸರೋವರದ ಆಚೆ ಒಂದು ಕಲ್ಲಿನ ಸೇತುವೆ. ಅದರ ಕೆಳಗೆ ಮನೆಯಷ್ಟು ದೊಡ್ಡ ರಾಕ್ಷಸ. ಅವನನ್ನು ದಾಟಲು ಇಂಗಾಳಿಗೆ ಆಗಿರಲಿಲ್ಲ. "ಆ ಕಡೆ ಏನಿದೆಯೋ, ಒಂದ್ಸಲ ನೋಡ್ಬೇಕಿತ್ತು" ಎಂದು ಆರ್ಲಿಸ್ ಯಾವಾಗಲೋ ಸುಮ್ಮನೆ ಅಂದಿದ್ದಳು. ಡೆಲ್ಮರ್ ಕಿವಿಗೆ ಅದು ಬಿದ್ದಿತ್ತು. ಪುಣ್ಯಾತ್ಮ, ಹಾಲು ತಾ ಎಂದದ್ದು ಮರೆಯುತ್ತಾನೆ, ಇಂಥದ್ದು ಮರೆಯುವುದಿಲ್ಲ.

ಅವಳ ಹುಟ್ಟುಹಬ್ಬ ನವೆಂಬರಿನಲ್ಲಿ. ಆ ವರ್ಷ ಅದು ಜಿಂಕೆ ಬೇಟೆಯ ಕಾಲ ಶುರುವಾಗುವ ಹಿಂದಿನ ದಿನ, ಶುಕ್ರವಾರ ಬಂತು. ಡೆಲ್ಮರ್ ರಜೆ ಹಾಕಿದ್ದ. ಅವಳು ಪಾಳಿ ಮುಗಿಸಿ ಬಂದಾಗ ಮೇಜಿನ ಮೇಲೆ ಕೇಕು, ಬಾಗಿಲ ಹಿಂದೆ ನಾಳಿನ ಬೇಟೆಗೆ ಅವನ ಕಿತ್ತಳೆ ಬಣ್ಣದ ಜಾಕೆಟ್ಟು, ಟಿ.ವಿ.ಯ ಮುಂದೆ ಅವಳ ಕುರ್ಚಿ.

"ಕಣ್ಣು ಮುಚ್ಕೋ ಆರ್ಲಿ. ಇನ್ನೂ ಇಲ್ಲ, ಇನ್ನೂ ಇಲ್ಲ... ಹ್ಞಾಂ, ಈಗ ಬಿಡು!"

ಇಂಗಾ ಸೇತುವೆಯ ಆಚೆ ತುದಿಯಲ್ಲಿ ನಿಂತಿದ್ದಳು. ಮುಂದೆ ಹಿಮದ ಬೆಟ್ಟಗಳು. ಕೈಯಲ್ಲಿ ಕೊಡಲಿ. ಹಿಂದೆ, ಕಲ್ಲುಗಳ ಮೇಲೆ, ರಾಕ್ಷಸ ಅಂಗಾತ ಬಿದ್ದಿದ್ದ.

"ಹುಟ್ಟುಹಬ್ಬದ ಉಡುಗೊರೆ! ಬೆಳಗ್ಗಿಂದ ಕೂತು ಹೊಡ್ದೆ ಗೊತ್ತಾ? ನಿನ್ನ ಇಂಗಾ ಒಳ್ಳೆ ಹುಲ್ಲುಕಡ್ಡಿ ಥರ ಇದ್ದಾಳೆ, ಒಂದು ಏಟು ತಡೆಯಲ್ಲ. ಎಷ್ಟು ಸಲ ಸತ್ತೆನೋ ಏನೋ. ಬಿಡ್ಲಿಲ್ಲ ನಾನು."

"ಉಳಿಸಿಟ್ಯಾ?" ಆರ್ಲಿಸ್ ಕೇಳಿದಳು.

"ಮತ್ತೆ? ಅಷ್ಟು ಕಷ್ಟಪಟ್ಟು ಉಳಿಸ್ದೆ ಇರ್ತೀನಾ? ನಿನ್ನದ್ರ ಮೇಲೇ ಉಳಿಸ್ದೆ, ನಿನಗೆ ಒಂದೇ ಇದ್ರೆ ಇಷ್ಟ ಅಲ್ವಾ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದ. ಆದರೆ ಅವನ ಮುಖ ಎಷ್ಟು ಹಿಗ್ಗಿತ್ತೆಂದರೆ ಅದನ್ನು ನೋಡಿಕೊಂಡು ಬೈಯುವುದು ಯಾರ ಕೈಲೂ ಆಗುತ್ತಿರಲಿಲ್ಲ. ಆರ್ಲಿಸ್ "ಥ್ಯಾಂಕ್ಯೂ ಡೆಲ್, ಎಷ್ಟು ಒಳ್ಳೇವ್ನು ನೀನು" ಎಂದಳು. ಕೇಕು ತಿಂದಳು. ಇನ್ನೊಂದು ತುಂಡು ಹಾಕಿದ, ಅದನ್ನೂ ತಿಂದಳು.

ಶನಿವಾರ ಅವನು ನಸುಕಿಗೇ ಬೇಟೆಗೆ ಹೋದ. ಊರಿನ ಗಂಡಸರೆಲ್ಲ ಹೋಗಿದ್ದರು, ಬೀದಿ ಖಾಲಿ. ಆರ್ಲಿಸ್ ಕೊಡಲಿಯನ್ನು ಹೊಳೆಗೆ ಎಸೆದು ಇಂಗಾಳನ್ನು ಸರೋವರಕ್ಕೆ ನಡೆಸಿಕೊಂಡು ಬಂದು ಕೂರಿಸಿದಳು. ಜಿಂಕೆಗಳು ಮರಗಳ ಅಂಚಿಗೆ ಬಂದವು. ಕಿವಿ ನಿಗುರಿಸಿದವು. ಓಡಿಹೋದವು. ಮಧ್ಯಾಹ್ನವೆಲ್ಲ ಅವಳು ಅಲ್ಲೇ ಕೂತಿದ್ದಳು. ಹಿಡಿ ಕೈಯಲ್ಲಿ ಕಲ್ಲಿನ ಹಾಗಿತ್ತು. ಅಳು ಬರಬಹುದೆಂದು ಕಾದಳು, ಬರಲಿಲ್ಲ.

ಭಾನುವಾರ ಡೆಲ್ಮರ್ ಎಂಟು ಕವಲಿನ ಕೊಂಬಿನ ಗಂಡು ಜಿಂಕೆಯನ್ನು ಪಿಕಪ್‌ನಲ್ಲಿ ಹಾಕಿಕೊಂಡು ಬಂದ. ಗ್ಯಾರೇಜಿನ ತೊಲೆಗೆ ನೇತುಹಾಕಿ, ಇಬ್ಬರೂ ಸೇರಿ ಚರ್ಮ ಸುಲಿಯತೊಡಗಿದರು. ಸುಲಿಯುವುದರಲ್ಲಿ ಅವಳ ಕೈಯೇ ಚುರುಕು, ಪ್ರತಿವರ್ಷ ಹಾಗೇ.

"ಬೆಟ್ಟದ ಕಡೆ ಹೋಗಿ ಬಂದ್ಯಾ? ಏನಿದೆ ಅಲ್ಲಿ?"

"ಹೋಗ್ಲಿಲ್ಲ."

"ಯಾಕೆ? ದಾರಿ ಮಾಡ್ಕೊಟ್ಟಿದ್ದೀನಲ್ಲ."

ಆರ್ಲಿಸ್ ಚಾಕು ನಿಲ್ಲಿಸದೆ ಹೇಳಿದಳು. "ಜಿಂಕೆಗಳು ಬರಲ್ಲ ಈಗ. ಕೊಂದವ್ರ ಹತ್ರ ಬರಲ್ಲ ಅವು."

"ಅಯ್ಯೋ, ಹೌದಾ? ಮತ್ತೆ ಮೊದ್ಲಿಂದ ಶುರು ಮಾಡು. ಆಟ ತಾನೇ."

"ಅಷ್ಟು ವರ್ಷ ಕಾಯೋಕೆ ಈಗ ನನಗೆ ತಾಳ್ಮೆ ಇಲ್ಲ. ಅವು ಮೂತಿ ಇಟ್ರೆ ಈ ಹಿಡಿ ನಡುಗ್ತಿತ್ತು ಡೆಲ್. ಅದು ನನ್ನ ಬೆರಳಿಗೆ ಗೊತ್ತಾಗ್ತಿತ್ತು. ಅದೊಂದೇ ಗೊತ್ತಾಗ್ತಿದ್ದದ್ದು."

ಡೆಲ್ಮರ್ ಸುಲಿಯುವುದನ್ನು ನಿಲ್ಲಿಸಿದ. ಆಮೇಲೆ ಮೆತ್ತಗೆ, "ಕೊಂದೋನು ನಾನು ಕಣೇ, ನೀನಲ್ಲ" ಎಂದ.

"ಅದು ಜಿಂಕೆಗೆ ಹೇಗೆ ಗೊತ್ತಾಗ್ಬೇಕು?"

ಅವನು ಗ್ಲೌಸು ಬಿಚ್ಚಿ, ಅವಳ ಕೈಯಿಂದ ಚಾಕು ತೆಗೆದು ಬೆಂಚಿನ ಮೇಲಿಟ್ಟ. ಅವಳ ಗ್ಲೌಸನ್ನೂ ಬಿಚ್ಚಿದ. ಆ ಕೈಯನ್ನು ತನ್ನ ಎರಡು ಕೈಯೊಳಗೆ ಇಟ್ಟುಕೊಂಡು ತೋರುಬೆರಳಿನ ತುದಿಯನ್ನು ಒತ್ತಿದ, ನಡುಬೆರಳನ್ನು ಒತ್ತಿದ, ಉಂಗುರದ ಬೆರಳನ್ನು ಒತ್ತಿದ, ಉಗುರು ಬೆಳ್ಳಗಾಗುವಷ್ಟು.

"ಇದು? ಇದು ಗೊತ್ತಾಗುತ್ತಾ ಆರ್ಲಿ?"

ಅವನ ಕಣ್ಣು ತುಂಬಿತ್ತು. ಅವನು ಯಾವ ಬೆರಳು ಹಿಡಿದಿದ್ದಾನೆಂದು ಆರ್ಲಿಸ್ ಕೆಳಗೆ ನೋಡಿ ತಿಳಿದುಕೊಂಡಳು.

"ಉಂಗುರದ ಬೆರಳು," ಎಂದಳು. "ಗೊತ್ತಾಗ್ತಿದೆ."